ಓಡಿ ಬರ್ತೀನಿ

ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಈಗ ಹೇಳಿದರೆ ಬೈಯುವವರು ಯಾರೂ ಉಳಿದಿಲ್ಲ, ಆದರೂ ನನ್ನ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ. ಇವರು ಸಾಗರದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗಿನಿಂದ ಸಂಜೆಯವರೆಗೆ ತೌಡಿನ ಧೂಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವ ಕೆಲಸ. ಸಣ್ಣಗೆ ಹೊಟ್ಟೆಯೂ ಬಂದಿತ್ತು. ಅಂಥ ಮನುಷ್ಯ, ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲಿ ತಲೆ ಎತ್ತದೆ ಹೇಳಿದರು.

"ನಾನು ಇಪ್ಪತ್ತಾರು ಮೈಲಿ ಓಡ್ಬೇಕು ಅಂತ ಮಾಡಿದೀನಿ."

ನಾನು ಸಾರು ಬಡಿಸುತ್ತಿದ್ದೆ. "ಎಲ್ಲಿಗೆ?" ಎಂದೆ.

"ಎಲ್ಲಿಗೂ ಇಲ್ಲ ಮಾರಾಯ್ತಿ. ಓಡೋದು ಅಷ್ಟೆ."

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಬರಿಗಾಲಲ್ಲಿ ಓಡಿ ಗೆದ್ದ ಪರದೇಶದ ಓಟಗಾರನೊಬ್ಬನ ಚಿತ್ರ ಯಾವಾಗಲೋ ಪೇಪರಿನಲ್ಲಿ ಬಂದಿತ್ತಂತೆ. ಅದನ್ನು ಕತ್ತರಿಸಿ ಗೋಡೆಯ ಕನ್ನಡಿಯ ಸಂದಿಗೆ ಸಿಕ್ಕಿಸಿದ್ದರು. ಕ್ಷೌರ ಮಾಡಿಕೊಳ್ಳುವಾಗಲೆಲ್ಲ ಅವನ ಮುಖವನ್ನೇ ನೋಡಿ ನೋಡಿ ತಲೆ ಕೆಟ್ಟಿರಬೇಕು ಎಂದು ನಾನು ಅಂದುಕೊಂಡೆ. ಈಗ ನನ್ನ ತವರೂರು ತೀರ್ಥಹಳ್ಳಿಯಲ್ಲೇ ಯುವಕ ಸಂಘವೊಂದು ಚಳಿಗಾಲ ಮುಗಿಯುವ ಹೊತ್ತಿಗೆ ಪೂರ್ತಿ ಮ್ಯಾರಥಾನ್ ನಡೆಸುತ್ತದಂತೆ. ಹೊಸನಗರದ ಸ್ವಲ್ಪ ಆಚೆಯಿಂದ ಹೊರಟು ತೀರ್ಥಹಳ್ಳಿಯ ಹೈಸ್ಕೂಲು ಮೈದಾನ ಮುಟ್ಟಬೇಕು. ಬಸ್ ಸ್ಟ್ಯಾಂಡಿನ ಗೋಡೆಗೆ ಅದರ ಪೋಸ್ಟರು ಅಂಟಿಸಿದ್ದರು. "ಯಾರು ಬೇಕಾದ್ರೂ ಓಡ್ಬಹುದು ಅಂತ ಬರೆದಿದೆ" ಎಂದು ಇವರು ಎರಡು ಸಲ ಹೇಳಿದರು. ಆ ಮಾತು ತಮಗೇ ಎಂದು ಬರೆದಂತೆ ಮುಖ ಅರಳಿತ್ತು.

ಒಲೆಯ ಮುಂದೆ ಅತ್ತೆ ಕೂತಿದ್ದರು. ಎದ್ದು ಹಿತ್ತಿಲಿಗೆ ಹೋದವರು ನಾವು ಊಟ ಮುಗಿಸಿ ಏಳುವವರೆಗೆ ಒಳಗೆ ಬರಲಿಲ್ಲ. ಬಸಳೆ ಕೊಯ್ಯಲು ಹೋಗಿರಬೇಕು ಎಂದುಕೊಂಡು ನಾನು ಸುಮ್ಮನಾದೆ.

ಓಟಕ್ಕೆ ಮೊದಲು ಬೇಕಾದದ್ದು ಚಡ್ಡಿ. ನಮ್ಮ ಬೀದಿಯ ದರ್ಜಿ ಟೇಪು ಕೈಗೆತ್ತಿಕೊಳ್ಳುತ್ತಾ, "ಮಗೂಗಾ ಸ್ವಾಮಿ? ಇನ್ನೂ ಮಗು ಆಗಿಲ್ಲ ಅಲ್ದಾ?" ಎಂದು ಕೇಳಿದನಂತೆ. ತಮಗೇ ಎಂದಾಗ ಟೇಪು ಕುತ್ತಿಗೆಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂತುಬಿಟ್ಟನಂತೆ. ಮದುವೆಯಾದ ಗಂಡಸು ಮೊಣಕಾಲು ಕಾಣುವ ಹಾಗೆ ರಸ್ತೆಯಲ್ಲಿ ಹೋಗುವುದನ್ನು ಸಾಗರ ಆವರೆಗೆ ನೋಡಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಟರೂ ಯಾರಾದರೂ ಎದುರು ಸಿಕ್ಕೇ ಸಿಗುತ್ತಿದ್ದರು. ಓಡುತ್ತಿರುವವರನ್ನು ಕಂಡರೆ ನಮ್ಮ ಕಡೆಯವರಿಗೆ ಹೊಳೆಯುತ್ತಿದ್ದದ್ದು ಎರಡೇ: ಹಾವು ಕಚ್ಚಿದೆ, ಇಲ್ಲವೇ ಯಾರೋ ಹೋಗಿಬಿಟ್ಟಿದ್ದಾರೆ. "ಯಾರಿಗೆ ಎಂತ ಆಯ್ತು ಮಾರಾಯ್ರೇ?" ಎಂದು ಕೂಗುತ್ತಾ ಹಾಲಿನವನು ಕ್ಯಾನು ರಸ್ತೆಯಲ್ಲೇ ಇಟ್ಟು ಹಿಂದೆ ಓಡಿಬಂದಿದ್ದ. ಏನೂ ಆಗಿಲ್ಲ ಎಂದರೆ ಅವನಿಗೆ ಸಿಟ್ಟು ಬಂತು.

ಶುರುವಿನಲ್ಲಿ ಒಂದು ಸಲ ಹೊನ್ನೆಮರಡು ಕಡೆಗೆ ಓಡಿದರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಆಗಷ್ಟೇ ಬಂದು ನಿಂತ ವರ್ಷಗಳು ಅವು. ಚಿಕ್ಕಂದಿನಲ್ಲಿ ನಡೆದಾಡಿದ ರಸ್ತೆ ಎಂಬ ಧೈರ್ಯದಲ್ಲಿ ಹೋದರೆ ಒಂದು ತಿರುವಿನಾಚೆ ರಸ್ತೆ ಹಾಗೇ ನೀರಿನೊಳಕ್ಕೆ ಇಳಿದುಹೋಗಿತ್ತಂತೆ. ಮನೆಗೆ ಬಂದು, "ರಸ್ತೆನೇ ಇಲ್ಲ, ಇನ್ನು ಓಡೋದು ಎಲ್ಲಿ" ಎಂದು ಒದ್ದೆ ಕಾಲು ಒರೆಸುತ್ತಾ ಕೂತರು. ಕಾಲಿಗೆ ಹತ್ತಿದ್ದ ಉಂಬಳಗಳನ್ನು ನಾನು ಉಪ್ಪು ಹಾಕಿ ಬಿಡಿಸಿದೆ. ರಕ್ತ ಹೀರಿ ದಪ್ಪಗಾದ ಉಂಬಳ ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು, ಇವರಿಗೆ ಅದರ ಪರಿವೆಯೇ ಇರಲಿಲ್ಲ. ಆಮೇಲೆ ಹೊಸನಗರದ ರಸ್ತೆಯೇ ಗಟ್ಟಿಯಾಯಿತು.

ಇದೆಲ್ಲ ನನಗೆ ತಮಾಷೆಯೇ ಆಗಿತ್ತು. ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, "ಎಲ್ಲಿ, ಯಜಮಾನ್ರು ಕಾಣ್ತಿಲ್ಲ?" ಎಂದು ಕೇಳಿದಳು. ನಾನು ಅಂಗಳ ಗುಡಿಸುತ್ತಾ ನಗುತ್ತಾ, "ಓಡಿಹೋದ್ರು!" ಎಂದೆ.

ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. ಅವರು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಹೊಡೆಯಲಿಲ್ಲ. ಎತ್ತಿದ ಕೈ ಹಾಗೇ ಇಳಿಸಿ ಒಳಗೆ ಹೋದರು. ಬೇಲಿಯಾಚೆ ಆ ಹೆಂಗಸೂ ತಲೆ ತಗ್ಗಿಸಿ ಒಳಗೆ ಸರಿದಳು. ನಾನು ಪೊರಕೆ ಹಿಡಿದುಕೊಂಡು ಅಂಗಳದ ನಡುವೆ ನಿಂತಿದ್ದೆ, ಯಾವ ತಪ್ಪಿಗೆ ಎಂದು ತಿಳಿಯದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಸಂಜೆ ಇವರನ್ನು ಹಿಡಿದು ನಿಲ್ಲಿಸಿ ಕೇಳಿದೆ. ಆಗ ಹೊರಬಂತು. ನಮ್ಮ ಮದುವೆಯ ಮಾತುಕತೆಯಲ್ಲಿ, ಹುಡುಗನ ತಂದೆ ಎಲ್ಲಿ ಎಂದು ನನ್ನ ಅಪ್ಪ ಕೇಳಿದ್ದಕ್ಕೆ ಇವರ ಕಡೆಯವರು "ಊರಲ್ಲಿಲ್ಲ" ಎಂದಿದ್ದರು. ಅತ್ತೆಯ ಹಣೆಯಲ್ಲಿ ಕುಂಕುಮ ಇತ್ತು. ಬೊಂಬಾಯಿ ಕಡೆ ಕೆಲಸ ಇರಬೇಕು ಎಂದು ಅಪ್ಪ ತಾವೇ ಊಹಿಸಿಕೊಂಡರು, ಯಾರೂ ಅಲ್ಲ ಎನ್ನಲಿಲ್ಲ. ನಿಜ ಏನೆಂದರೆ, ಇವರು ಇನ್ನೂ ಕನ್ನಡ ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಮಾವ ಒಂದು ಬೆಳಿಗ್ಗೆ "ಶಿವಮೊಗ್ಗಕ್ಕೆ ಹೋಗಿ ಬರ್ತೀನಿ" ಎಂದು ಬಸ್ಸು ಹತ್ತಿದ್ದರು. ಬರಲಿಲ್ಲ. ಆನಂದಪುರ ದಾಟಿದ ಮೇಲೆ ನಡುದಾರಿಯಲ್ಲಿ ಇಳಿದರು ಎಂದು ಡ್ರೈವರು ಆಮೇಲೆ ಹೇಳಿದ. ಜಗಳ ಇರಲಿಲ್ಲ, ಸಾಲ ಇರಲಿಲ್ಲ, ಬೇರೆ ಹೆಂಗಸಿನ ಮಾತೂ ಇರಲಿಲ್ಲ. ಊರು ಅದಕ್ಕೆ ಒಂದೇ ಹೆಸರಿಟ್ಟಿತು: ಓಡಿಹೋದ.

ಅಂದಿನಿಂದ ಆ ಮಾತು ಆ ಮನೆಯಲ್ಲಿ ಇಲ್ಲ. ಹಸು ಹಗ್ಗ ಕಿತ್ತುಕೊಂಡು ಓಡಿದರೂ "ಹಸು ಕಾಣ್ತಿಲ್ಲ" ಎನ್ನುತ್ತಿದ್ದರು. ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು ಎನ್ನುವುದು ಎಲ್ಲರ ಮನೆಯ ರೂಢಿ. ಅತ್ತೆಯ ಮನೆಯಲ್ಲಿ ಅದು ಕಾನೂನು. ಪೋಸ್ಟಿನವನು ಕಾಗದ ಕೊಟ್ಟು ಮರೆತು "ಹೋಗ್ತೀನಮ್ಮ" ಅಂದರೂ ಅವನನ್ನು ಕರೆದು ತಿದ್ದಿಸುತ್ತಿದ್ದರು. ಇನ್ನೊಂದು ವಿಷಯ ನನಗೆ ಆಗ ಹೊಳೆಯಿತು. ನಾನು ಬಂದಾಗಿನಿಂದ ಅತ್ತೆ ಸಾಗರ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮನೆ ಖಾಲಿ ಬಿಟ್ಟದ್ದೇ ಇಲ್ಲ. ಗಂಡ ಬಂದಾಗ ಬಾಗಿಲು ಹಾಕಿರಬಾರದು ಎನ್ನುವುದು ಅವರ ಮನಸ್ಸಿನಲ್ಲಿತ್ತು. ಮಗನ ಮದುವೆಗೂ ಅವರು ತೀರ್ಥಹಳ್ಳಿಗೆ ಬಂದಿರಲಿಲ್ಲ, ಹೆಣ್ಣಿನವರನ್ನೇ ಸಾಗರಕ್ಕೆ ಕರೆಸಿಕೊಂಡು ಮದುವೆ ಮಾಡಿಸಿದ್ದರು. ಆಗ ನಮ್ಮ ಅಪ್ಪ ಅದನ್ನು ಗಂಡಿನ ಕಡೆಯವರ ದೊಡ್ಡಸ್ತಿಕೆ ಎಂದು ತಿಳಿದು ಗೊಣಗಿದ್ದರು.

"ಇದನ್ನ ನಂಗೆ ಮೊದ್ಲೇ ಹೇಳಕ್ಕೆ ಎಂತ ಆಗಿತ್ತು ನಿಮಗೆ?" ಎಂದು ನಾನು ರೇಗಿದೆ.

"ಹೇಳೋ ಮಾತೇ ಮನೇಲಿ ಇರ್ಲಿಲ್ಲ" ಎಂದರು ಇವರು.

ಆಮೇಲೆ ಬೆಳಗಿನ ಹೊತ್ತು ನನಗೆ ತಮಾಷೆಯಾಗಿ ಉಳಿಯಲಿಲ್ಲ. ಇವರು ಹೊರಟ ಮೇಲೆ ಅತ್ತೆ ದಣಪೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನಾವು ಗದ್ದೆ ತೋಟದವರಲ್ಲ, ಊರೊಳಗಿನ ಸಣ್ಣ ಮನೆ, ಆದರೂ ಬೀದಿಯ ಕಡೆಗೆ ಅಡ್ಡ ಬಿದಿರು ಸರಿಸುವ ಹಳೇ ದಣಪೆ ಇತ್ತು. ಅದರ ಗೂಟ ಹಿಡಿದು, ಇವರು ಹಿಂದಿರುಗಿ ಬರುವ ತನಕ ನಿಂತಿರುತ್ತಿದ್ದರು. ಒಂದು ಗುಟುಕು ಕಾಫಿ ಕುಡಿಯುತ್ತಿರಲಿಲ್ಲ. ಓಟ ಉದ್ದವಾದಂತೆ ಅವರು ನಿಲ್ಲುವುದೂ ಉದ್ದವಾಯಿತು. ಕಣ್ಣಿನ ಕೆಳಗೆ ಕಪ್ಪಾಯಿತು, ರವಿಕೆ ಸಡಿಲವಾಯಿತು. ಇವರು ಬೆಳಗ್ಗೆ ಓಡಿ ಬಂದು ಗಂಜಿ ಉಂಡು ಮೈ ಗಟ್ಟಿ ಮಾಡಿಕೊಳ್ಳುತ್ತಿದ್ದರೆ ಅತ್ತೆ ನಿಂತಲ್ಲೇ ಸವೆಯುತ್ತಿದ್ದರು.

"ಬಿಟ್ಟುಬಿಡ್ತೀನಿ" ಎಂದರು ಇವರು ಒಂದು ದಿನ. ಮುಖ ನೋಡಲಾಗಲಿಲ್ಲ. ಜೀವನದಲ್ಲಿ ಅವರು ತಮಗಾಗಿ ಬೇಕು ಎಂದು ಕೇಳಿದ್ದು ಅದೊಂದನ್ನೇ. ಮಾವ ಹೋದಂದಿನಿಂದ ಆ ಮನೆಯಲ್ಲಿ ಆಟಕ್ಕೂ ದೂರ ಹೋಗದ ಹುಡುಗ ಆಗಿದ್ದರಂತೆ, ಬೀದಿಯ ಕೊನೆಯವರೆಗೆ ಹೋದರೆ ಅಮ್ಮ ಕೂಗುತ್ತಿದ್ದರು. ಇವರ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದ ನನಗೆ ಇಬ್ಬರ ಮೇಲೂ ಕನಿಕರ ಬಂತು, ಕಾಣದ ಮಾವನ ಮೇಲೆ ಕೆಟ್ಟ ಕೋಪ ಬಂತು.

ಆ ಮಾತು ಅತ್ತೆಯ ಕಿವಿಗೆ ಬಿದ್ದಿರಬೇಕು. ಮಾರನೆಯ ಬೆಳಿಗ್ಗೆ ಇವರು ಚಡ್ಡಿ ಹಾಕಿಕೊಳ್ಳದೆ ಕೂತಿದ್ದನ್ನು ನೋಡಿ ಎದುರು ಬಂದು ನಿಂತರು. ಆ ಮನೆಯಲ್ಲಿ ಅಷ್ಟು ವರ್ಷ ಆಡದಿದ್ದ ಮಾತನ್ನು ತಾವೇ ಆಡಿದರು.

"ಓಡ್ಬೇಡ ಅನ್ನಲ್ಲ ಮಗಾ. ಓಡಿ ಹೋಗ್ಬೇಡ. ಓಡೋದೇ ಆದ್ರೆ ಓಡಿ ಬಾ."

ಬೇರೆಯವರಾಗಿದ್ದರೆ ಇದನ್ನು ಒಗಟು ಎಂದು ಬಿಡುತ್ತಿದ್ದರು. ಇವರು ಲೆಕ್ಕದ ಗುಮಾಸ್ತರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಜನ. ದಿನವೆಲ್ಲ ಯೋಚಿಸಿ ಸಂಜೆ ದಾರಿ ಕಂಡುಕೊಂಡು ಬಂದರು. ಹೋಗುವಾಗ ಬಸ್ಸಿನಲ್ಲಿ ಹೋಗುವುದು. ಎಷ್ಟು ದೂರ ಓಡಬೇಕೋ ಅಷ್ಟು ದೂರದಲ್ಲಿ ಇಳಿಯುವುದು. ಅಲ್ಲಿಂದ ಮನೆಯ ಕಡೆಗೆ ಮಾತ್ರ ಓಡುವುದು. ಆಗ ಇಡುವ ಪ್ರತಿ ಹೆಜ್ಜೆಯೂ ಬರುವ ಹೆಜ್ಜೆಯೇ ಅಲ್ಲವೇ! ಬೇರೆ ಊರಿನ ಓಟಗಾರರು ಕೇಳಿದರೆ ನಗುತ್ತಾರೆ. ಅತ್ತೆ ನಗಲಿಲ್ಲ, ತಲೆದೂಗಿದರು.

ಹೀಗೆ ಸಾಗರದಿಂದ ಹೊಸನಗರಕ್ಕೆ ಹೋಗುವ ಮೊದಲನೇ ಬಸ್ಸಿಗೆ ಇವರು ಖಾಯಂ ಗಿರಾಕಿಯಾದರು. ವಾರಕ್ಕೆ ಒಂದೆರಡು ಸಲ, ಚಡ್ಡಿಯ ಮೇಲೆ ಪಂಚೆ ಉಟ್ಟು, ಬನಿಯನ್ನಿನ ಮೇಲೆ ಅಂಗಿ ಹಾಕಿ, ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಕಂಡಕ್ಟರು ನಿಟ್ಟೂರು ಕಡೆಯವನು, ಬಾಯಿ ಜೋರು. "ಎಲ್ಲಿಗೆ ಸ್ವಾಮಿ ಇವತ್ತು?" ಎಂದು ಕೇಳುವುದು, ಇವರು "ಸಾಗರಕ್ಕೆ" ಎನ್ನುವುದು, ಸಾಗರದಿಂದಲೇ ಹೊರಟ ಬಸ್ಸು ಇಡೀ ನಗುವುದು. ದಾರಿಯಲ್ಲಿ ಎಲ್ಲೋ ಕಾಡಿನ ನಡುವೆ ಇಳಿದು, ಪಂಚೆ ಅಂಗಿ ಬಿಚ್ಚಿ ಮಡಚಿ ಕಂಡಕ್ಟರನ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಓಡತೊಡಗುತ್ತಿದ್ದರು. ಕಂಡಕ್ಟರು ವಾಪಸು ಬರುವಾಗ ಆ ಪಂಚೆಯನ್ನು ನಮ್ಮ ದಣಪೆಗೆ ನೇತುಹಾಕಿ ಹೋಗುತ್ತಿದ್ದ. ಬಸ್ಸಿಗೆ ಹೊಸಬರು ಬಂದಿದ್ದರೆ, "ಅವರಿಗೆ ಸ್ವಲ್ಪ ಇದು" ಎಂದು ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸುತ್ತಿದ್ದನಂತೆ. ಇದನ್ನು ಇವರೇ ಹೇಳಿಕೊಂಡು ನಗುತ್ತಿದ್ದರು.

ಆ ರಸ್ತೆಯ ಇನ್ನೊಂದು ತೊಂದರೆ ಕಲ್ಲುಗಳದು. ಮೈಲಿಕಲ್ಲು ಕಿತ್ತು ಕಿಲೋಮೀಟರ್ ಕಲ್ಲು ನೆಡುವ ಕಾಲ. ಒಂದಷ್ಟು ದೂರ ಹೊಸದು, ಮುಂದೆ ಹಳೆಯದು, ನಡುವೆ ಎರಡೂ ಇಲ್ಲದೆ ಬರಿ ಗುಂಡಿ. ಇವರು ಮೈಲಿಯನ್ನು ಕಿಲೋಮೀಟರಿಗೂ ಕಿಲೋಮೀಟರನ್ನು ಮೈಲಿಗೂ ಬದಲಾಯಿಸುತ್ತಾ, ಬಾಯಲ್ಲೇ ಗುಣಿಸುತ್ತಾ ಓಡುವುದು. ಒಂದು ದಿನ ವಿಪರೀತ ಖುಷಿಯಲ್ಲಿ ಬಂದರು. ಪರದೇಶದ ಆ ಬರಿಗಾಲಿನವನಿಗಿಂತ ತಾವೇ ಜೋರಾಗಿ ಓಡಿದ ಹಾಗೆ ಲೆಕ್ಕ ಬಂದಿತ್ತು. ಸ್ನಾನಕ್ಕೆ ಕೂತು ಎರಡು ತಂಬಿಗೆ ನೀರು ಹೊಯ್ದುಕೊಂಡವರು ಬಚ್ಚಲಿನಿಂದಲೇ "ಥತ್, ಅದು ಹೊಸ ಕಲ್ಲು!" ಎಂದು ಕೂಗಿದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅವರು ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅವತ್ತು.

ಈಗ ಅತ್ತೆ ದಣಪೆಯ ಹತ್ತಿರ ನಿಲ್ಲುವ ರೀತಿಯೇ ಬೇರೆಯಾಗಿತ್ತು. ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುವುದು, ಕೈಯಲ್ಲಿ ಬೆಲ್ಲ ನಿಂಬೆಹಣ್ಣಿನ ನೀರಿನ ಚೊಂಬು. ತಿರುವಿನಲ್ಲಿ ಬನಿಯನ್ನು ಕಂಡ ಕೂಡಲೇ "ಬಂದ" ಎಂದು ನನಗೆ ಕೇಳುವ ಹಾಗೆ ಹೇಳುವುದು. ಆ "ಬಂದ" ಎನ್ನುವುದರಲ್ಲಿ ಎಷ್ಟು ಹಿಗ್ಗಿತ್ತು! ನಾನು ಒಲೆಯ ಮುಂದೆ ಕೂತೇ ಅದನ್ನು ಕೇಳಲು ಕಾಯುತ್ತಿದ್ದೆ. ಆ ಚಳಿಗಾಲದ ಬೆಳಗುಗಳು ಈಗಲೂ ನನಗೆ ಬೇಕೆನಿಸುತ್ತವೆ. ಅಷ್ಟು ಸುಖವಾಗಿ ನಾವು ಮೂವರೂ ಮತ್ತೆ ಇದ್ದೆವೋ ಇಲ್ಲವೋ.

ಇಷ್ಟರಲ್ಲಿ ಇನ್ನೊಂದು ಆಯಿತು. ತೀರ್ಥಹಳ್ಳಿಯ ಯಾರೋ ಪರಿಚಯದವರು ಆ ಬಸ್ಸಿನಲ್ಲಿ ಬಂದಿದ್ದರಂತೆ. ನಡುದಾರಿಯಲ್ಲಿ ಇಳಿದು ಬಟ್ಟೆ ಬಿಚ್ಚಿ ಓಡಿದವರನ್ನು ಗುರುತು ಹಿಡಿದು ಊರಿಗೆ ಹೋಗಿ ವರದಿ ಕೊಟ್ಟಿದ್ದಾರೆ. ಸುದ್ದಿ ನನ್ನ ತವರುಮನೆ ಮುಟ್ಟುವಷ್ಟರಲ್ಲಿ ಬಸ್ಸೂ ಇಲ್ಲ ಬಟ್ಟೆಯೂ ಇಲ್ಲ, ಉಳಿದದ್ದು ಒಂದೇ ಮಾತು. ಅಪ್ಪ ರಾತ್ರಿ ಹೊಸನಗರದಲ್ಲಿ ಉಳಿದು ಮೊದಲನೇ ಬಸ್ಸು ಹಿಡಿದು, ಚಿಂತೆಯಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ಕಣ್ಣೂ ಹಾಯಿಸದೆ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಖಾಲಿ ಟ್ರಂಕು ಹಿಡಿದುಕೊಂಡು ಬಂದಿಳಿದರು. ಟ್ರಂಕು ನನ್ನ ಬಟ್ಟೆಗೆ. ದಣಪೆ ದಾಟಿ ಜಗಲಿ ಹತ್ತುವ ಮೊದಲೇ, ಅತ್ತೆ ಎದುರಿಗೇ ನಿಂತಿದ್ದಾರೆ ಎನ್ನುವುದನ್ನೂ ನೋಡದೆ, "ಅಳಿಯಂದ್ರು ಓಡಿಹೋದ್ರಂತಲ್ಲ ಮಗಾ!" ಎಂದುಬಿಟ್ಟರು. ಕಣ್ಣಲ್ಲಿ ನೀರಿತ್ತು.

ನನಗೆ ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

"ಇಲ್ಲ ಬೀಗ್ರೇ" ಎಂದರು ಅತ್ತೆ. "ನನ್ನ ಮಗ ಓಡಿ ಬರ್ತಾನೆ. ಈಗ ಬರೋ ಹೊತ್ತು. ಕೂತ್ಕಳಿ, ಆಸರಿಗೆ ಕುಡಿಯಕ್ಕೆ ಎಂತ ಕೊಡ್ಲಿ?"

ಬೆಲ್ಲ ನೀರು ಕುಡಿದು ಅಪ್ಪ ಲೋಟ ಕೆಳಗಿಡುವಷ್ಟರಲ್ಲಿ ಇವರು ಬಂದರು. ಚಡ್ಡಿ, ಬೆವರಿಗೆ ಮೈಗಂಟಿದ ಬನಿಯನ್ನು. ಬೆಳಿಗ್ಗೆ ಹೊರಟ ಬಸ್ಸಿನ ತಿರುಗುವ ಟ್ರಿಪ್ಪಿನಲ್ಲಿ ನನ್ನ ಅಪ್ಪ ಬಂದಿದ್ದಾರೆ, ಅದೇ ಬಸ್ಸಿನಲ್ಲಿ ತಮ್ಮ ಪಂಚೆಯೂ ಬಂದಿದೆ ಎಂದು ಇವರಿಗೇನು ಗೊತ್ತು? ದಣಪೆಯ ಮೇಲಿದ್ದ ಪಂಚೆ ಸುತ್ತಿಕೊಂಡು ಕಾಲಿಗೆ ಬಿದ್ದರು. ಅಪ್ಪ ಆಶೀರ್ವಾದ ಮಾಡಬೇಕೋ ಬೈಯಬೇಕೋ ತಿಳಿಯದೆ, "ಹಿಂಗೆಲ್ಲ ಓಡಿದ್ರೆ ಶೀತ ಆಗ್ತದೆ" ಎಂದರು. ವಿಷಯ ಪೂರ್ತಿ ತಿಳಿದ ಮೇಲೆ ಅವರ ಹುರುಪು ನೋಡಬೇಕಿತ್ತು. ನಮ್ಮೂರಿಗೇ ಬಂದು ಮುಟ್ಟುವ ಓಟ, ಬೀಗಿತ್ತಿಯವರೂ ಬರಲೇಬೇಕು ಎಂದು ಕೂತರು.

"ಮನೆ ಬಿಟ್ಟು ನಾನು ಹೆಂಗೆ ಬರ್ಲಿ" ಎಂದರು ಅತ್ತೆ. ಅಷ್ಟಕ್ಕೆ ಆ ಮಾತು ನಿಂತಿತು.

ಆದರೆ ಅವರ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ಓಟದ ದಿನ ಹತ್ತಿರ ಬಂದಾಗ ಸೊಪ್ಪು ಸೋಸುತ್ತಾ ಕೂತವರು ನನ್ನನ್ನು ಕೇಳಿದರು. "ಹುಡ್ಗೀ, ಹೊಸನಗರದಿಂದ ತೀರ್ಥಹಳ್ಳಿಗೆ ಓಡೋದು ಅಂದ್ರೆ ಅದು ಹೋಗೋದಾಯ್ತಲ್ಲ. ಬರೋದು ಎಲ್ಲಾಯ್ತು?"

ನಾನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. "ನೀವು ಅಲ್ಲಿದ್ರೆ ಬರೋದಾಗ್ತದೆ ಅತ್ತೆ."

ಅವರು ಸೊಪ್ಪು ಸೋಸುವುದು ನಿಲ್ಲಿಸಿದರು. ಕೊನೆಗೆ, "ಮನೇಲಿ ಬೀಗ ಇಲ್ಲ" ಎಂದರು.

ಅದು ನಿಜವೇ. ಬೀಗರ ಮನೆಗೆ ಹೋಗಬೇಕೆಂದರೆ ಆ ಮನೆಯಲ್ಲಿ ಬೀಗವೇ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ. ಇವರು ಗಿರಣಿಯ ಉಗ್ರಾಣದ ಬೀಗ ಕೇಳಿ ತಂದರು. ತೆಂಗಿನಕಾಯಿಯಷ್ಟು ದಪ್ಪ. ಹೊರಡುವ ದಿನ ಅತ್ತೆ ತಾವೇ ಅದನ್ನು ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿ, ಬೀಗದ ಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟರು. "ಯಾರಾದ್ರೂ ಬಂದ್ರೆ..." ಎಂದರು. ಆಕೆ "ಬಂದ್ರೆ ಬಾಗಿಲು ತೆಗೆದು ಕೂರಿಸ್ತೀನಿ, ನೀವು ಹೋಗಿ ಬನ್ನಿ" ಎಂದಳು.

ಮೂವರೂ ಒಂದೇ ಬಸ್ಸಿನಲ್ಲಿ ಹೊರಟೆವು. ಹೊಸನಗರದಲ್ಲಿ ಇವರು ಇಳಿಯಬೇಕು, ರಾತ್ರಿ ಅಲ್ಲಿಯ ಶಾಲೆಯಲ್ಲಿ ಮಲಗಿ ಬೆಳಿಗ್ಗೆ ಓಟ. ನಾವು ತೀರ್ಥಹಳ್ಳಿಗೆ ಮುಂದುವರಿಯುವುದು. ಇಳಿಯುವಾಗ ಇವರು ಕಿಟಕಿಯ ಹತ್ತಿರ ಬಂದು, "ಅಮ್ಮಾ, ಓಡಿ ಬರ್ತೀನಿ" ಎಂದರು. ಬಸ್ಸು ಹೊರಟಿತು. ಬಸ್ಸಿನಿಂದ ಇಳಿದವರು ಹಿಂದೆ ಹಿಂದೆ ಸರಿದು ಸಣ್ಣಗಾಗುವುದನ್ನು ಅತ್ತೆ ಕಂಬಿ ಹಿಡಿದು ನೋಡುತ್ತಿದ್ದರು. ಅವರಿಗೆ ಏನು ಅನಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಅವರ ಕೈಯ ಮೇಲೆ ಕೈಯಿಟ್ಟೆ, ತಣ್ಣಗಿತ್ತು.

ಮರುದಿನ ಹೈಸ್ಕೂಲು ಮೈದಾನದಲ್ಲಿ ಶಾಮಿಯಾನ, ಮೈಕು, ಜನವೋ ಜನ. ಮೊದಲು ಬಂದವನು ಪೊಲೀಸಿನಲ್ಲಿದ್ದ ಗಟ್ಟಿ ಆಳು. ಹಾರ ಹಾಕಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಅತ್ತೆ ಪ್ರತಿ ಬನಿಯನ್ನಿಗೂ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ಬಿಸಿಲೇರಿತು. ಬಹುಮಾನ ಹಂಚಿದ್ದೂ ಆಯಿತು, ಜನ ಊಟಕ್ಕೆ ಹೋದರು, ಸಂಘದವರು ಶಾಮಿಯಾನದ ಹಗ್ಗ ಬಿಚ್ಚತೊಡಗಿದರು. ಇವರ ಸುಳಿವಿಲ್ಲ. ಅಪ್ಪ ಯಾರನ್ನೋ ವಿಚಾರಿಸಿ, "ನಡುವೆ ಬಿಟ್ಟವರನ್ನ ಲಾರಿಲಿ ಹತ್ತಿಸ್ಕಂಡು ಬರ್ತಾರಂತೆ, ಅದ್ರಲ್ಲಿ ಇರ್ತಾರೆ" ಎಂದರು. ಆ ಮಾತಿನಿಂದ ನನಗೆ ಸ್ವಲ್ಪ ಸಮಾಧಾನವಾಯಿತು. ಸೋತರೆ ಸೋಲಲಿ, ಬರಲಿ ಎಂದುಕೊಂಡೆ.

ಲಾರಿ ಬಂತು. ನಾಲ್ಕಾರು ಜನ ಕುಂಟುತ್ತಾ ಇಳಿದರು. ಇವರು ಇರಲಿಲ್ಲ.

ಅತ್ತೆ ನೇರ ಡ್ರೈವರನ ಹತ್ತಿರ ಹೋಗಿ ಕೇಳಿದರು. "ಇನ್ನೊಬ್ರು ಇದ್ರಮ್ಮ" ಎಂದ ಅವನು. "ಕಾಲು ಹಿಡ್ಕಂಡು ರಸ್ತೆ ಪಕ್ಕ ಕೂತಿದ್ರು. ಹತ್ತಿ ಅಂದ್ರೆ ಹತ್ತಲ್ಲ ಅಂದ್ರು. ಆಮೇಲೆ ಎಲ್ಲಿ ಹೋದ್ರೋ ಗೊತ್ತಿಲ್ಲ."

ನಡುದಾರಿ, ಡ್ರೈವರು, ಆಮೇಲೆ ಗೊತ್ತಿಲ್ಲ. ಇದನ್ನೆಲ್ಲ ಅತ್ತೆ ಒಂದು ಸಲ ಕೇಳಿದ್ದರು. ಅವರು ಅಳುತ್ತಾರೆ, ಕುಸಿಯುತ್ತಾರೆ ಎಂದು ನಾನು ಹಿಡಿದುಕೊಳ್ಳಲು ಹೋದೆ. ಅವರು ನನ್ನ ಕೈ ಕೊಡವಿ, ಮೈದಾನ ದಾಟಿ ಹೊಸನಗರದ ರಸ್ತೆಗೆ ಇಳಿದು ನಡೆಯತೊಡಗಿದರು. ಉರಿಬಿಸಿಲು, ಕಾಲಲ್ಲಿ ಚಪ್ಪಲಿ ಇಲ್ಲ. ಹಿಂದೆ ನಾನು, ನನ್ನ ಹಿಂದೆ ಕೊಡೆ ಬಿಚ್ಚಿಕೊಂಡು ಅಪ್ಪ. ಕೂಗಿದರೆ ತಿರುಗಿ ನೋಡುತ್ತಿಲ್ಲ. ಮನೆಗಳು ಮುಗಿದವು. ಇವರ ಮೇಲೆ ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಲಾರಿ ಹತ್ತಿದ್ದರೆ ಇವರ ಗಂಟೇನು ಹೋಗುತ್ತಿತ್ತು!

ಏರು ಮುಗಿಯುವಲ್ಲಿ ಬನಿಯನ್ನು ಕಂಡಿತು.

ಓಟ ಎನ್ನುವ ಹಾಗಿರಲಿಲ್ಲ. ಒಂದು ಕಾಲು ಊರುವುದು, ಇನ್ನೊಂದನ್ನು ಎಳೆಯುವುದು. ಮೀನಖಂಡ ಹಿಡಿದು ಗಂಟಾಗಿತ್ತು. ಬೂಟು ಕೈಯಲ್ಲಿ ನೇತಾಡುತ್ತಿತ್ತು. ಮುಖವೆಲ್ಲ ಉಪ್ಪು. ಆದರೆ ಮುಖ ನಮ್ಮ ಕಡೆಗೇ ಇತ್ತು, ಬರುತ್ತಲೇ ಇದ್ದರು.

ಅತ್ತೆ "ಬಂದ" ಎನ್ನಲಿಲ್ಲ. ಹೋಗಿ ತಬ್ಬಿಕೊಳ್ಳಲೂ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ತಿರುಗಿ ಊರಿನ ಕಡೆ ಮುಖ ಮಾಡಿ, "ಬಾ ಮಗಾ" ಎಂದು ತಾವೇ ಮುಂದೆ ಓಡತೊಡಗಿದರು.

ನಾನು ಕಣ್ಣುಬಿಟ್ಟು ನಿಂತೆ. ಐವತ್ತರ ಹೆಂಗಸು, ದಣಪೆಯ ಗೂಟ ಬಿಟ್ಟು ಕದಲದವರು, ತೀರ್ಥಹಳ್ಳಿಯ ಬೀದಿಯಲ್ಲಿ ಸೀರೆ ಎತ್ತಿಕಟ್ಟಿ ಓಡುತ್ತಿದ್ದಾರೆ. ಅಂಗಡಿಗಳಿಂದ ಜನ ಎದ್ದು ನೋಡಿದರು, ಯಾರೋ ಗಾಬರಿಯಿಂದ ಏನಾಯ್ತು ಎಂದು ಕೂಗಿದರು. ಅತ್ತೆಗೆ ಅದು ಕೇಳಿಸಲಿಲ್ಲ. ಆಗಾಗ ತಿರುಗಿ ಮಗ ಬರುತ್ತಿದ್ದಾನಾ ಎಂದು ನೋಡುವುದು, ಮತ್ತೆ ಓಡುವುದು. ಇವರು ಅವರ ಬೆನ್ನನ್ನೇ ನೋಡುತ್ತಾ ಹಿಂದೆ ಬಂದರು. ನಾನು ಅಳುತ್ತಿದ್ದೆ. ನಾಚಿಕೆಯಾಗಲಿಲ್ಲ.

ಮೈದಾನದಲ್ಲಿ ಗೆರೆ ಮಾತ್ರ ಉಳಿದಿತ್ತು, ಸುಣ್ಣದ್ದು. ಹಗ್ಗ ಸುತ್ತುತ್ತಿದ್ದ ಸಂಘದವರು ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದರು. ಗೆರೆಯನ್ನು ಮೊದಲು ದಾಟಿದ್ದು ಅತ್ತೆ. ಹಿಂದೆಯೇ ಇವರು ಬಂದು ಅಲ್ಲೇ ನೆಲಕ್ಕೆ ಕೂತರು.

"ಲಾರಿ ಹತ್ತೋದಲ್ವೇನ್ರೀ!" ಎಂದು ನಾನು ಕಿರುಚಿದೆ.

"ಲಾರಿ ಹತ್ತಿದ್ರೆ ಓಡಿ ಬಂದಂಗೆ ಆಗ್ತಿತ್ತಾ?" ಎಂದರು ಇವರು. ಮಾತಾಡಲು ಉಸಿರಿರಲಿಲ್ಲ.

ಅತ್ತೆ ಮಗನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಿದ್ದರು. ಇವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಂಟಾದ ಮೀನಖಂಡವನ್ನು ಎರಡೂ ಕೈಯಲ್ಲಿ ನೀವುತ್ತಿದ್ದರು. ಬಹಳ ಹೊತ್ತು ನೀವಿದರು. ಆಮೇಲೆ ತಲೆ ಎತ್ತದೆ, ಅಕ್ಕಿಯಲ್ಲಿ ಕಲ್ಲಿದೆ ಎನ್ನುವಷ್ಟು ಸಾಧಾರಣವಾದ ದನಿಯಲ್ಲಿ ನನಗೆ ಹೇಳಿದರು.

"ಬರೋರು ಹಿಂಗೆ ಬರ್ತಾರೆ ಹುಡ್ಗೀ. ಕಾಲು ಇಲ್ದಿದ್ರೂ ಬರ್ತಾರೆ. ನಿನ್ನ ಮಾವ ಬರಲ್ಲ."